ಮೀಟರಿನ ಮುಳ್ಳು, ಅಮ್ಮನ ಮುಖ

ಅಮ್ಮನ ಆಫೀಸಿನಲ್ಲಿ ಯಾರೇ ನಿವೃತ್ತರಾಗಲಿ, ಆ ದಿನ ಗೇಟಿನ ಬಳಿ ಅವರ ಮುಖವಿರುವ ಫ್ಲೆಕ್ಸ್ ಕಟ್ಟುತ್ತಾರೆ. ಇದು ಚೆನ್ನೈ. ಇಲ್ಲಿ ಮಗುವಿನ ಕಿವಿ ಚುಚ್ಚಿಸಿದರೂ ಫ್ಲೆಕ್ಸ್, ಅತ್ತೆಗೆ ಅರವತ್ತಾದರೂ ಫ್ಲೆಕ್ಸ್, ಹೋದವರಿಗೆ ಕಣ್ಣೀರಿನ ಅಂಜಲಿಯೂ ಫ್ಲೆಕ್ಸಿನಲ್ಲೇ. ಒಂದು ವಿಮಾ ಕಚೇರಿಯಲ್ಲಿ ಬದುಕಿನ ದೊಡ್ಡ ಪಾಲನ್ನು ಸವೆಸಿದವರಿಗೆ ಒಂದು ದಿನದ ಮಟ್ಟಿಗೆ ಗೇಟಿನಲ್ಲಿ ಮುಖ ತೋರಿಸುವ ಹಕ್ಕು ಇದೆ ಎಂಬುದನ್ನು ಅಲ್ಲಿ ಯಾರೂ ಪ್ರಶ್ನಿಸಿರಲಿಲ್ಲ. ಬೇಡ ಎಂದವಳು ಅಮ್ಮ ಒಬ್ಬಳೇ.

ಪೊಂಗಲ್ ಮುಗಿದ ವಾರ ಅವರ ಸ್ಟಾಫ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಫೋನ್ ಮಾಡಿದ್ದರು. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಸ್ಪೀಕರ್ ಹಾಕಿದ್ದಳು. ಮಾತು ನಡೆದದ್ದು ತಮಿಳಿನಲ್ಲಿ. ಮಾರ್ಚ್ ಕೊನೆಗೆ ನಿಮ್ಮ ಫಂಕ್ಷನ್ ಮೇಡಂ, ಒಂದು ಒಳ್ಳೆಯ ಫೋಟೋ ಕಳಿಸಿಬಿಡಿ ಎಂದರು ಅವರು. ಫೋಟೋ ಎಲ್ಲ ಬೇಡ ಸಾರ್, ಒಂದು ರೋಜಾ ಹೂವು ಹಾಕಿ, ಕೆಳಗೆ ಹೆಸರು ಹಾಕಿ, ಸಾಕು ಎಂದಳು ಅಮ್ಮ.

“ಅಯ್ಯೋ ಮೇಡಂ, ರಿಟೈರ್ ಆಗ್ತಾ ಇರೋದು ನೀವಾ, ರೋಜಾ ಹೂವಾ?”

ಅಮ್ಮ ನಕ್ಕು, ನೋಡೋಣ ಸಾರ್ ಎಂದು ಫೋನ್ ಇಟ್ಟಳು. ಅವಳ ‘ನೋಡೋಣ’ದ ಅರ್ಥ ನನಗೆ ಗೊತ್ತು. ಅದು ಇಲ್ಲ ಎನ್ನುವುದಕ್ಕೆ ಹಾಕಿದ ಇಸ್ತ್ರಿ.

ಅಮ್ಮ ಫೋಟೋಗೆ ನಿಲ್ಲುವುದಿಲ್ಲ. ಹಾಗೆಂದು ಜಗಳವಾಡುವುದೂ ಇಲ್ಲ, ಅವಳ ದಾರಿ ಬೇರೆ. ಎಲ್ಲರೂ ಸಾಲಾಗಿ ನಿಲ್ಲುವ ಹೊತ್ತಿಗೆ ಮುಂದೆ ಬಂದು, “ಕೊಡಿ ಇಲ್ಲಿ, ನಾನು ತೆಗೀತೀನಿ” ಎಂದು ಫೋನ್ ಇಸಿದುಕೊಳ್ಳುತ್ತಾಳೆ. ಆಫೀಸಿನ ಆಯುಧಪೂಜೆ, ಮದುವೆಮನೆ, ನನ್ನ ಕಾಲೇಜಿನ ಡಿಬೇಟ್ ಬಹುಮಾನ, ಎಲ್ಲ ಕಡೆಯೂ ಇದೇ ಉಪಾಯ. ಫೋಟೋ ತೆಗೆಯುವವಳು ಫೋಟೋದಲ್ಲಿ ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ನಾನೂ ಕೇಳಿರಲಿಲ್ಲ. ಎದುರು ಪಕ್ಷದ ವಾದದಲ್ಲಿ ತೂತು ಹುಡುಕುವುದನ್ನೇ ಐದು ವರ್ಷ ಕಲಿತವಳ ಕಣ್ಣಿಗೆ ಮನೆಯೊಳಗಿನ ಈ ತೂತು ಕಂಡಿರಲಿಲ್ಲ.

ಈ ಕಥೆಗೆ ಕ್ಯಾಮೆರಾ ಬಂದದ್ದು ಇನ್ನೊಂದು ಜಗಳದಿಂದ.

ಕಾಲೇಜಿನ ಗೆಳೆಯರೆಲ್ಲ ಇದ್ದಕ್ಕಿದ್ದಂತೆ ಫಿಲ್ಮ್ ಕ್ಯಾಮೆರಾ ಹಿಡಿದು ತಿರುಗಲು ಶುರುಮಾಡಿದ್ದರು. ಸಮುದ್ರ ತೀರದಲ್ಲಿ ಅದನ್ನು ಕತ್ತಿಗೆ ನೇತುಹಾಕಿಕೊಂಡು, ಫಿಲ್ಮಿಗೆ ಆತ್ಮ ಇದೆ ಎನ್ನುತ್ತಿದ್ದರು. ಆತ್ಮ ಯಾವ ಪದರದಲ್ಲಿದೆ, ಜೆಲಟಿನ್ನಿನಲ್ಲೋ ಬೆಳ್ಳಿಯಲ್ಲೋ ಎಂದು ನಾನು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಗೆದ್ದೆ ಅಂದುಕೊಂಡು ಈ ಮಾತನ್ನು ಅಮ್ಮನ ತಮ್ಮನ ಮುಂದೆ ಹೇಳಿದೆ. ಮಾವ ರೈಲ್ವೆಯಲ್ಲಿ ಎಲೆಕ್ಟ್ರಿಕ್ ಟ್ರೇನ್ ಓಡಿಸಿ, ಅವಧಿಗೆ ಮೊದಲೇ ಸ್ವಯಂನಿವೃತ್ತಿ ಪಡೆದವರು, ತಾಂಬರಂನಲ್ಲಿ ಮನೆ. ಮನೆತನದ ಎಲ್ಲ ಸಮಾರಂಭಗಳ ಫೋಟೋ ತೆಗೆದವರು ಅವರೇ. ತಮ್ಮ ಕ್ಯಾಮೆರಾದ ಬಗ್ಗೆ ಅವರಿಗೆ ಇರುವ ಹೆಮ್ಮೆಯನ್ನು ಅವರು ಯಾವತ್ತೂ ಮುಚ್ಚಿಟ್ಟವರಲ್ಲ.

“ನೀನು ಫಿಲ್ಮ್ ಲೋಡ್ ಮಾಡಿದ್ದೀಯಾ?” ಎಂದು ಕೇಳಿದರು.

“ಇಲ್ಲ.”

“ಒಂದು ಫ್ರೇಮ್ ತೆಗೆದಿದ್ದೀಯಾ?”

“ಇಲ್ಲ ಮಾವ, ಆದರೆ ವಾದ...”

“ವಾದ ಗೀದ ಆಮೇಲೆ ಕಣೇ. ಟ್ರೇನ್ ಹತ್ತದೇ ಇರೋಳು ಟ್ರೇನ್ ಲೇಟು ಅಂತ ಹೇಳಬಾರ್ದು. ಭಾನುವಾರ ಬಾ.”

ಮಾತು ನ್ಯಾಯವಾಗಿತ್ತು. ಗೊತ್ತಿಲ್ಲದ ವಿಷಯವನ್ನು ವಿರೋಧಿಸುವುದು ಡಿಬೇಟಿನಲ್ಲೂ ಅನರ್ಹತೆಯೇ. ಹಾಗಾಗಿ ಭಾನುವಾರಗಳಲ್ಲಿ ವಡಪಳನಿಯ ನಮ್ಮ ಮನೆಯಿಂದ ಕೋಡಂಬಾಕ್ಕಂ ಸ್ಟೇಷನ್ನಿಗೆ ಹೋಗಿ, ಎಲೆಕ್ಟ್ರಿಕ್ ಟ್ರೇನ್ ಹತ್ತಿ, ತಾಂಬರಂನಲ್ಲಿ ಇಳಿಯುವುದು ಅಭ್ಯಾಸವಾಯಿತು. ಅಪ್ಪ ತಿರುಚ್ಚಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾರೆ, ಶನಿವಾರ ಬಂದು ಭಾನುವಾರವೆಲ್ಲ ನಿದ್ದೆ ಮಾಡುತ್ತಾರೆ. ಆ ದಿನ ಮನೆಯಲ್ಲಿ ಸದ್ದು ಮಾಡದೆ ಹೊರಗಿರುವುದು ಎಲ್ಲರಿಗೂ ಒಳ್ಳೆಯದೇ.

ಮಾವ ಕಲಿಸುವ ರೀತಿ ಅವರದೇ. ಪುಸ್ತಕದಲ್ಲಿ ಓದಿ ನನಗೆ ತಲೆಗೆ ಹತ್ತದ ಅಪರ್ಚರ್, ಶಟರ್ ಎರಡನ್ನೂ ಅವರು ಸ್ಟೇಷನ್ನಿನಲ್ಲಿ ನಿಲ್ಲಿಸಿಯೇ ಹೇಳಿದರು. ಸಾಯಂಕಾಲದ ಗುಂಪು ಟ್ರೇನಿಗೆ ನುಗ್ಗುತ್ತಿತ್ತು.

“ಈಗ ನೋಡು. ಬಾಗಿಲು ಅಗಲ ಇದ್ರೆ ಜನ ಬೇಗ ಹತ್ತುತ್ತಾರೆ, ಟ್ರೇನ್ ಸ್ವಲ್ಪ ನಿಂತ್ರೆ ಸಾಕು. ಬಾಗಿಲು ಸಣ್ಣದಿದ್ರೆ ಜಾಸ್ತಿ ಹೊತ್ತು ನಿಲ್ಲಬೇಕು. ಒಳಗೆ ಹೋಗೋ ಜನ ಅಷ್ಟೇ. ಬಾಗಿಲು ಅಪರ್ಚರು. ನಿಲ್ಲೋ ಹೊತ್ತು ಶಟರು. ಜನ, ಬೆಳಕು. ಅರ್ಥ ಆಯ್ತಾ?”

“ಫಿಲ್ಮಿನ ಸ್ಪೀಡು?”

“ಒಳಗೆ ಎಷ್ಟು ಸೀಟಿದೆ ಅನ್ನೋದು. ಕಮ್ಮಿ ಸೀಟಿದ್ರೆ ಬೇಗ ತುಂಬುತ್ತೆ.”

ಈ ಮೂರನೆಯದರಲ್ಲಿ ಒಂದು ಸಣ್ಣ ತಕರಾರು ನನಗಿತ್ತು. ಆದರೆ ಹಿಂದಿನಿಂದ ಒಬ್ಬಾಕೆ ಹೂವಿನ ಬುಟ್ಟಿ ಹೊತ್ತು ನಮ್ಮಿಬ್ಬರನ್ನೂ ತಳ್ಳಿಕೊಂಡು ಹೋದದ್ದರಿಂದ ಅದು ಅಲ್ಲೇ ಉಳಿಯಿತು.

ಫಿಲ್ಮ್ ಸುತ್ತುವುದನ್ನು ಕಲಿಯಲು ಹಾಳಾದ ಹಳೆಯ ರೋಲೊಂದನ್ನು ಕೊಟ್ಟರು. ಅದರ ನಾಲಿಗೆಯನ್ನು ಸ್ಪೂಲಿನ ಸೀಳಿಗೆ ತೂರಿಸಿ, ಲಿವರ್ ಎಳೆದು, ಎಡಗಡೆಯ ಗುಬ್ಬಿ, ಅಂದರೆ ಫಿಲ್ಮನ್ನು ಹಿಂದಕ್ಕೆ ಸುತ್ತುವ ಪುಟ್ಟ ಹಿಡಿ, ತಿರುಗುತ್ತಿದೆಯೇ ನೋಡಬೇಕು. ಅದು ತಿರುಗದಿದ್ದರೆ ಫಿಲ್ಮ್ ಹಿಡಿದಿಲ್ಲ, ನೀನು ತೆಗೆಯುವುದೆಲ್ಲ ಗಾಳಿಗೆ. ನನ್ನ ಗೆಳೆಯರ ಆತ್ಮದ ಅರ್ಧ ಭಾಗ ಹೀಗೇ ಗಾಳಿಗೆ ಹೋಗಿತ್ತು ಎಂದು ಆಮೇಲೆ ತಿಳಿಯಿತು. ಈ ಗುಬ್ಬಿ ನನಗೆ ಇಷ್ಟವಾಯಿತು. ಏನನ್ನೂ ನಂಬು ಎನ್ನದೆ, ನೋಡಿಕೋ ಎನ್ನುವ ಗುಬ್ಬಿ ಅದು.

ತಕರಾರು ಶುರುವಾದದ್ದು ಮುಳ್ಳಿನಲ್ಲಿ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟರೆ ಬಲಗಡೆ ಒಂದು ಸಣ್ಣ ಮುಳ್ಳು ಕಾಣುತ್ತದೆ. ಬೆಳಕು ಹೆಚ್ಚಾದರೆ ಮೇಲೆ, ಕಡಿಮೆಯಾದರೆ ಕೆಳಗೆ. ಅದು ನಡುವೆ ನಿಲ್ಲುವ ಹಾಗೆ ಬಾಗಿಲನ್ನೂ ಹೊತ್ತನ್ನೂ ಹೊಂದಿಸಬೇಕು.

“ಇದು ಸಿಗ್ನಲ್” ಎಂದರು ಮಾವ. “ನಡುವೆ ಬಂತಾ, ಹಸಿರು. ಒತ್ತು. ಬರ್ಲಿಲ್ವಾ, ಕೆಂಪು. ನಿಲ್ಲು.”

“ನಡುವೆ ಯಾಕೆ?”

“ಯಾಕೆ ಅಂದ್ರೆ?”

“ನಡುವೆ ಬಂದರೆ ಸರಿ ಅಂತ ಯಾರು ತೀರ್ಮಾನ ಮಾಡಿದ್ದು?”

ಮಾವ ನನ್ನನ್ನು ಕರುಣೆಯಿಂದ ನೋಡಿದರು. “ಕಣ್ಣೂ, ಸಿಗ್ನಲ್ಲನ್ನ ಯಾಕೆ ಅಂತ ಕೇಳ್ತಾ ಕೂತಿದ್ರೆ ನಾನು ಪೆನ್ಷನ್ ತಗೊಳ್ತಾ ಇರ್ತಿರಲಿಲ್ಲ. ಗೋಡೆ ಮೇಲೆ ಹಾರ ಹಾಕ್ಕೊಂಡು ಇರ್ತಿದ್ದೆ.”

ಮೊದಲ ರೋಲ್ ತೆಗೆದೆ. ಮಾವನ ಮನೆಯ ಮಹಡಿ, ಒಣಹಾಕಿದ ಬಟ್ಟೆ, ನೀರಿನ ತೊಟ್ಟಿ, ಒಂದು ಕಾಗೆ, ಬಿಳಿ ಪಂಚೆ ಉಟ್ಟು ಬಿಳಿ ಗೋಡೆಯ ಮುಂದೆ ನಿಂತ ಮಾವ. ಬಿಳಿ ಗೋಡೆ ಅವರಿಗೆ ಅಚ್ಚುಮೆಚ್ಚು. ರೈಲ್ವೆ ಕ್ವಾರ್ಟರ್ಸಿನ ಸುಣ್ಣದ ಗೋಡೆಯ ಕಾಲದಿಂದ ಎಲ್ಲರನ್ನೂ ಅಂಥದೊಂದರ ಮುಂದೆ ನಿಲ್ಲಿಸಿಯೇ ತೆಗೆದವರು, ಹಿಂದೆ ಕ್ಲೀನ್ ಇರಬೇಕು ಎನ್ನುವವರು. ನಾನು ಮುಳ್ಳನ್ನು ಪ್ರತಿ ಸಲವೂ ನಡುವೆ ನಿಲ್ಲಿಸಿದೆ. ವಡಪಳನಿಯಲ್ಲಿ ಹಿಂದೆ ಸಿನಿಮಾದವರ ಸ್ಟಿಲ್ಸ್ ತೊಳೆಯುತ್ತಿದ್ದ ಒಂದು ಲ್ಯಾಬ್ ಇನ್ನೂ ಉಳಿದಿದೆ. ಅಲ್ಲಿ ಕೊಟ್ಟೆ.

ಬಂದ ಚಿತ್ರಗಳಲ್ಲಿ ಮಾವನ ಬಿಳಿ ಪಂಚೆ ಪಾತ್ರೆ ಒರೆಸುವ ಬಟ್ಟೆಯ ಹಾಗಿತ್ತು. ಗೋಡೆ ಮೋಡ. ಮಾವನ ಮುಖ ಸಂಜೆ ಏಳು ಗಂಟೆ.

“ಲ್ಯಾಬ್‌ನವನು ಹಾಳು ಮಾಡಿದ್ದಾನೆ” ಎಂದರು ಮಾವ.

“ಕಾಗೆ ಚೆನ್ನಾಗಿ ಬಂದಿದೆಯಲ್ಲ? ಕಾಗೆಯನ್ನು ಬಿಟ್ಟು ಪಂಚೆಯನ್ನು ಮಾತ್ರ ಹಾಳು ಮಾಡಿದನಾ?”

“ನೋಡು, ಇದನ್ನೆಲ್ಲ ನಿನ್ನ ಕಾಲೇಜಲ್ಲಿ ಇಟ್ಕೋ.”

ಡಿಬೇಟಿನಲ್ಲಿ ನಮಗೆ ಮೊದಲು ಕಲಿಸುವುದು ಇದು: ಎದುರಾಳಿಯ ತೀರ್ಮಾನದ ಮೇಲೆ ಬೀಳಬೇಡ, ಆ ತೀರ್ಮಾನ ಯಾವ ಊಹೆಯ ಮೇಲೆ ನಿಂತಿದೆ ನೋಡು. ಮುಳ್ಳು ಏನನ್ನು ಊಹಿಸಿಕೊಂಡಿದೆ? ಅದಕ್ಕೆ ಪಂಚೆ ಗೊತ್ತಿಲ್ಲ, ಗೋಡೆ ಗೊತ್ತಿಲ್ಲ. ಎದುರಿಗೆ ಎಷ್ಟು ಬೆಳಕಿದೆ ಎನ್ನುವುದಷ್ಟೇ ಗೊತ್ತು. ಹಾಗಾದರೆ ತುಂಬ ಬೆಳಕು ಬಂದಾಗ, ವಸ್ತುವೇ ಬಿಳಿ ಇರಬಹುದು ಎಂದು ಅದು ಯೋಚಿಸುವುದೋ, ಅಥವಾ ಬಿಸಿಲು ಜಾಸ್ತಿ ಎಂದು ಬಾಗಿಲು ಮುಚ್ಚಿಸುವುದೋ?

ಪರೀಕ್ಷೆ ಸುಲಭವಿತ್ತು. ನಮ್ಮ ಮನೆಯ ಮೇಲೆ ಮೊಟ್ಟೆಮಾಡಿಯಲ್ಲಿ, ಅಂದರೆ ಸೂರಿಲ್ಲದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ಒಂದು ಬಿಳಿ ಬೆಡ್‌ಶೀಟ್ ಕಟ್ಟಿದೆ. ಅದು ಮಾತ್ರ ಫ್ರೇಮಿನ ತುಂಬ ಬರುವಂತೆ ನಿಂತು, ಮುಳ್ಳನ್ನು ನಡುವೆ ತಂದು ಒತ್ತಿದೆ. ಅದೇ ಜಾಗದಲ್ಲಿ, ಅದೇ ನೆರಳಿನಲ್ಲಿ ಅಪ್ಪನ ಕಪ್ಪು ಕೊಡೆ ಬಿಚ್ಚಿ ಇಟ್ಟು, ಮತ್ತೆ ಮುಳ್ಳನ್ನು ನಡುವೆ ತಂದು ಒತ್ತಿದೆ. ಪಕ್ಕದ ಮನೆಯಾಕೆ ವಡಾಂ ಸಂಡಿಗೆ ಒಣಗಿಸಲು ಬಂದವರು ಸ್ವಲ್ಪ ಹೊತ್ತು ನಿಂತು ನೋಡಿ, ಏನೂ ಕೇಳದೆ ಇಳಿದು ಹೋದರು.

ನೆಗೆಟಿವ್ ಬಂದ ಮೇಲೆ ಕಿಟಕಿಗೆ ಹಿಡಿದೆ. ಲ್ಯಾಬ್‌ನವರು ಕಂಪ್ಯೂಟರಿನಲ್ಲಿ ಸರಿಮಾಡಿರಬಹುದು ಎಂಬ ಅನುಮಾನಕ್ಕೆ ನೆಗೆಟಿವ್‌ನಲ್ಲಿ ಜಾಗವಿಲ್ಲ. ಪಕ್ಕಪಕ್ಕದ ಎರಡು ಚೌಕಗಳು, ಎರಡೂ ಒಂದೇ ಗಾಢ. ಮಡಿಕೆಗಳಿದ್ದದ್ದು ಬೆಡ್‌ಶೀಟು, ಕಡ್ಡಿಗಳಿದ್ದದ್ದು ಕೊಡೆ ಎಂದು ಗುರುತು ಹಿಡಿಯಬೇಕು, ಅಷ್ಟೇ. ಬಿಳಿಯನ್ನು ಕೇಳಿದರೂ ಬೂದು, ಕಪ್ಪನ್ನು ಕೇಳಿದರೂ ಬೂದು. ಜಗತ್ತೆಲ್ಲ ನಡುಬೂದು ಬಣ್ಣದ್ದು ಎಂದು ನಂಬಿಕೊಂಡು ಹುಟ್ಟಿದ ಮುಳ್ಳು.

ಗೆದ್ದ ಖುಷಿಯಲ್ಲಿ ನೆಗೆಟಿವ್ ತಿರುಗಿಸುತ್ತಿದ್ದಾಗ ಇನ್ನೊಂದು ಯೋಚನೆ ಬಂತು. ಮಾವನ ಆಲ್ಬಮ್‌ಗಳು.

ಅವುಗಳಲ್ಲಿ ಅಮ್ಮ ಇದ್ದಾಳೆ, ಹಳೆಯವುಗಳಲ್ಲಿ. ನಾಮಕರಣ, ಗೃಹಪ್ರವೇಶ, ಬಿಳಿ ಗೋಡೆ, ಸಾಲಾಗಿ ಜನ. ಅಜ್ಜ ಸ್ವಲ್ಪ ಮಬ್ಬು, ಅಜ್ಜಿ ಸ್ವಲ್ಪ ಮಬ್ಬು, ಅಪ್ಪ ಪರವಾಗಿಲ್ಲ. ಅಮ್ಮ ಮಾತ್ರ ಒಂದು ಸೀರೆ, ಅದರ ಮೇಲೆ ಒಂದು ಕಪ್ಪು, ಆ ಕಪ್ಪಿನಲ್ಲಿ ಹಲ್ಲು. ಅವಳದು ಮನೆಯಲ್ಲೇ ಹೆಚ್ಚು ಕಪ್ಪು ಮೈಬಣ್ಣ. ‘ಅಕ್ಕ ನಿಂತ ಕಡೆ ಪವರ್ ಕಟ್’ ಎನ್ನುವುದು ನಮ್ಮಲ್ಲಿ ಎಷ್ಟು ಹಳೆಯ ಜೋಕು ಎಂದರೆ ಯಾರೂ ಈಗ ನಗುವುದಕ್ಕೂ ತೊಂದರೆ ತೆಗೆದುಕೊಳ್ಳುವುದಿಲ್ಲ. ಇನ್ನು ಮದುವೆಯ ಫೋಟೋ ತೆಗೆದ ಸ್ಟುಡಿಯೋದವರು ಮುಖಕ್ಕೆ ಅಷ್ಟು ಪೌಡರ್ ಬಳಿದಿದ್ದರು, ಅದರಲ್ಲಿ ಮುಖ ಒಬ್ಬಳದು, ಕೈ ಇನ್ನೊಬ್ಬಳದು.

ನನಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಅಮ್ಮನಿಗೆ ಗೇಟಿನಲ್ಲಿ ರೋಜಾ ಹೂವು ಬೇಕಾದದ್ದು ಈ ಮುಳ್ಳಿನಿಂದ. ಇದನ್ನು ಸಾಬೀತು ಮಾಡಿದರೆ ಅವಳು ಒಪ್ಪುತ್ತಾಳೆ. ಮಾರ್ಚ್ ಹತ್ತಿರವಿತ್ತು.

ಮುಂದಿನ ಭಾನುವಾರ ಅಮ್ಮನನ್ನೂ ತಾಂಬರಂಗೆ ಕರೆದುಕೊಂಡು ಹೋದೆ. ಊಟವಾಯಿತು. ಮಜ್ಜಿಗೆಹುಳಿಯನ್ನು ಮಾವ ‘ಮೋರ್ ಕುಳಂಬು’ ಎಂದು ಕರೆದರು, ಅಮ್ಮ ಯಾವಾಗಲೂ ಮಾಡುವಂತೆ ತಿದ್ದಿದಳು. ಆಮೇಲೆ ನಾನು ನೆಗೆಟಿವ್ ತೆಗೆದೆ, ಆಲ್ಬಮ್ ತೆಗೆದೆ, ಸಾಕ್ಷಿಗಳನ್ನು ಕ್ರಮವಾಗಿ ಮಂಡಿಸಿದೆ. ಬೆಡ್‌ಶೀಟು, ಕೊಡೆ, ಊಹೆ, ಬಿಳಿ ಗೋಡೆ, ನಾಮಕರಣ, ಗೃಹಪ್ರವೇಶ. ಒಂದೊಂದು ಪುಟ ತಿರುವಿದಾಗಲೂ, “ಇಲ್ಲಿ ಮುಳ್ಳು ಗೋಡೆಯನ್ನು ಅಳೆದಿದೆ, ಅಮ್ಮನನ್ನಲ್ಲ” ಎಂದೆ. ಚೆನ್ನಾಗಿ ಮಾತನಾಡುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿತ್ತು.

ಮಾವ ಗೃಹಪ್ರವೇಶದ ಪುಟವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಕನ್ನಡಕ ಹಾಕಿ ನೋಡಿದರು. ಆಮೇಲೆ ಎದ್ದು ಬಾಲ್ಕನಿಗೆ ಹೋಗಿ ನಿಂತರು. ಕೆಳಗೆ ಟ್ರೇನ್ ಹೋಗುವ ಸದ್ದು ಕೇಳಿಸಿತು.

“ಖುಷಿನಾ?” ಎಂದಳು ಅಮ್ಮ ನನ್ನ ಕಡೆ ನೋಡಿ.

“ನಿನಗೋಸ್ಕರ ಅಮ್ಮ. ತಪ್ಪು ನಿನ್ನ ಮುಖದ್ದಲ್ಲ ಅಂತ ಹೇಳೋದಕ್ಕೆ...”

“ನನ್ನ ಮುಖ ತಪ್ಪು ಅಂತ ನಾನು ಯಾವತ್ತೇ ಹೇಳ್ದೆ? ನನ್ನ ಮುಖ ನಿನ್ನ ಡಿಬೇಟ್ ಟಾಪಿಕ್ ಅಲ್ಲ, ತಿಳ್ಕೋ. ಅವನು ರಜೆ ಹಾಕಿ ಬಂದು ತೆಗೀತಿದ್ದ ಕಣೇ ಈ ಫೋಟೋನೆಲ್ಲ. ರಜೆ ಸಿಗದಿದ್ರೆ ಡ್ಯೂಟಿ ಮುಗಿಸಿ, ಯೂನಿಫಾರ್ಮಲ್ಲೇ.”

ನನ್ನ ಬಳಿ ಉತ್ತರವಿತ್ತು. ಉದ್ದೇಶ ಬೇರೆ, ಫಲಿತಾಂಶ ಬೇರೆ, ಎರಡನ್ನೂ ಕಲೆಸಬಾರದು. ಹೇಳಲಿಲ್ಲ. ಅಮ್ಮ ತಟ್ಟೆಗಳನ್ನು ಒಳಗಿಟ್ಟು ಕೈ ಒರೆಸಿಕೊಂಡು ಬಂದು ಕೂತಳು. ಸ್ವಲ್ಪ ಹೊತ್ತಿನ ಮೇಲೆ ನೆಗೆಟಿವ್‌ನ ಪಟ್ಟಿಯನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ಇದರಲ್ಲಿ ಕೊಡೆ ಯಾವುದು?”

ತೋರಿಸಿದೆ.

“ಇದು ಬೆಡ್‌ಶೀಟಾ? ಎರಡೂ ಒಂದೇ ಥರ ಇದೆಯಲ್ಲ.” ಇನ್ನೂ ಸ್ವಲ್ಪ ನೋಡಿದಳು. ಆಮೇಲೆ, ಆಫೀಸಿನ ಧ್ವನಿಯಲ್ಲಿ, “ಓ. ಸ್ಟ್ಯಾಂಡರ್ಡ್ ಲೈಫ್” ಎಂದಳು.

“ಅಂದ್ರೆ?”

“ನಮ್ಮಲ್ಲಿ ಪ್ರೀಮಿಯಂ ಟೇಬಲ್ ಇರುತ್ತಲ್ಲ, ಅದನ್ನ ಸಾಧಾರಣ ಆರೋಗ್ಯ, ಸಾಧಾರಣ ಕೆಲಸ ಇರೋನ್ನ ಮನಸಲ್ಲಿ ಇಟ್ಕೊಂಡು ಮಾಡಿರ್ತಾರೆ. ಅವನಿಗೆ ಸ್ಟ್ಯಾಂಡರ್ಡ್ ಲೈಫ್ ಅಂತಾರೆ. ಅಂಥವನು ಎಲ್ಲೂ ಇಲ್ಲ, ಆದ್ರೂ ಲೆಕ್ಕ ಅಲ್ಲಿಂದಾನೇ ಶುರು. ಆಮೇಲೆ ಬಂದಿರೋ ಆಸಾಮಿ ಯಾರು ನೋಡಬೇಕು. ಶುಗರ್ ಇದ್ಯಾ, ಪಟಾಕಿ ಫ್ಯಾಕ್ಟರಿಲಿ ಕೆಲಸವಾ. ಅದಕ್ಕೆ ತಕ್ಕ ಹಾಗೆ ಮೇಲೆ ಹಾಕ್ತೀವಿ. ಲೋಡಿಂಗ್ ಅಂತ.” ಬಾಲ್ಕನಿಯ ಕಡೆಗೆ ಕೇಳುವಂತೆ ಧ್ವನಿ ಎತ್ತಿದಳು. “ಟೇಬಲ್ ತಪ್ಪಲ್ಲ. ಎದುರಿಗೆ ಯಾರಿದ್ದಾರೆ ನೋಡದೆ ಟೇಬಲ್ ಹಾಕಿಬಿಡೋದು ತಪ್ಪು. ಹೊಸಬರೆಲ್ಲ ಮಾಡ್ತಾರೆ. ಕೇಳಿಸ್ತೇನೋ?”

“ಕೇಳಿಸ್ತು” ಎಂದರು ಮಾವ ಹೊರಗಿನಿಂದ.

“ಹಾಗಾದರೆ ಉಪಾಯ ಇದೆ” ಎಂದೆ ನಾನು. “ಕ್ಯಾಮೆರಾವನ್ನು ನಿನ್ನ ಮುಖದ ಹತ್ತಿರಕ್ಕೆ ತಂದು, ಮುಖ ಒಂದನ್ನೇ ಅಳೆದು, ಅದನ್ನೇ ಇಟ್ಟುಕೊಂಡು ಹಿಂದೆ ಬಂದು ಒತ್ತಬೇಕು. ಗೋಡೆಯ ಮಾತು ಕೇಳಲೇಬಾರದು.”

ಅಮ್ಮ ಪಟ್ಟಿಯನ್ನು ಕೆಳಗಿಟ್ಟಳು. “ಏನೇ, ಈಗ ತಾನೇ ಕೊಡೆ ಬೂದಿ ಬಣ್ಣಕ್ಕೆ ಬಂತು ಅಂದೆ.”

“ಹೌದು.”

“ಕಪ್ಪು ಕೊಡೆ ಒಂದನ್ನೇ ಅಳೆದಿದ್ದಕ್ಕೆ ಬೂದಿ ಬಣ್ಣ ಬಂತು. ನನ್ನ ಮುಖ ಒಂದನ್ನೇ ಅಳೆದ್ರೆ ನನ್ನನ್ನ ಸುಮ್ನೆ ಬಿಡುತ್ತಾ? ಪೌಡರ್ ಹಾಕುತ್ತೆ ಅದು. ಮದುವೆ ಫೋಟೋ ಥರ.”

ಬಾಲ್ಕನಿಯಿಂದ ಮಾವನ ನಗು ಕೇಳಿಸಿತು, ಜೋರಾಗಿ, ಎಲ್ಲ ಸೇಡನ್ನೂ ತೀರಿಸಿಕೊಂಡ ನಗು. “ಪೋಚ್ಚು, ಹೋಯ್ತು! ಲಾಯರಮ್ಮ ಕೇಸ್ ಸೋತ್ರು!” ಎನ್ನುತ್ತ ಒಳಗೆ ಬಂದರು.

“ಲೋಡಿಂಗ್ ಹಾಕಬೇಕು” ಎಂದಳು ಅಮ್ಮ. “ಮುಖ ಅಳೆದು, ಅದು ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಬೆಳಕು. ಎಷ್ಟು ಕಮ್ಮಿ ಅಂತ ನೀವಿಬ್ರೂ ಸೇರಿ ನೋಡ್ಕೊಳ್ಳಿ, ಅದು ನನಗೆ ಗೊತ್ತಿಲ್ಲ.”

“ಒಂದು ಸ್ಟಾಪ್” ಎಂದೆವು ಮಾವ, ನಾನು, ಇಬ್ಬರೂ ಒಟ್ಟಿಗೆ. ಅಂದರೆ ಬೆಳಕು ಅರ್ಧಕ್ಕೆ.

“ಅಂದ್ರೆ ನಿಲ್ತೀಯಾ ಅಮ್ಮ ಫೋಟೋಗೆ?”

ಅಮ್ಮ ಆಲ್ಬಮ್ಮಿನ ಪುಟವನ್ನು ಮುಚ್ಚಿ, ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. “ಕಪ್ಪಗಿದ್ದೀನಿ, ಕಪ್ಪಗೆ ಬರ್ಲಿ, ಅದಕ್ಕೇನು. ಬರೋದೇ ಇಲ್ವಲ್ಲೇ ನಾನು. ಇಷ್ಟು ಜನ ಬಂದಿರ್ತಾರೆ, ನಾನು ನಿಂತಿರೋ ಕಡೆ ಯಾರೋ ಎದ್ದು ಹೋದ ಹಾಗೆ ಇರುತ್ತೆ. ಅದನ್ನ ಗೇಟಲ್ಲಿ ಬೇರೆ ಕಟ್ಟಬೇಕಾ ಅಂತ.” ಆಮೇಲೆ ತಮ್ಮನ ಕಡೆ ತಿರುಗಿದಳು. “ತೆಗೆದ್ರೆ ನೀನು ತೆಗಿ. ಇವಳು ಬೇಡ. ಇವಳು ಫೋಟೋ ತೆಗಿಯೋದು ಬಿಟ್ಟು ಭಾಷಣ ಮಾಡ್ತಾಳೆ.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಇಷ್ಟು ವಾರ ಕಲಿತವಳು ನಾನು, ಊಹೆ ಹಿಡಿದವಳು ನಾನು. ಆದರೆ ಮುಖ ಅವಳದು. ಅದನ್ನು ಯಾರ ಕೈಗೆ ಕೊಡಬೇಕು ಎನ್ನುವುದು ವಾದದಿಂದ ತೀರ್ಮಾನವಾಗುವ ವಿಷಯವಲ್ಲ ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಬಿಸಿಲು ಇಳಿದು ತಾರಸಿಯ ಗೋಡೆ ನೆರಳಿಗೆ ಬಂದ ಮೇಲೆ ಎಲ್ಲರೂ ಮೇಲೆ ಹೋದೆವು. ಅಮ್ಮ ಉಟ್ಟಿದ್ದ ಹಸಿರು ಹತ್ತಿ ಸೀರೆಯಲ್ಲೇ ಬಂದಳು. ಬದಲಿಸು ಎಂದರೆ ಕೇಳಲಿಲ್ಲ. ಗೋಡೆಯನ್ನು ಬಿಡಲು ಮಾವ ಒಪ್ಪಲಿಲ್ಲ.

“ಬಿಳಿ ಗೋಡೆ ಬೇಡ ಮಾವ, ಆ ನೀಲಿ ಬಾಗಿಲ ಹತ್ತಿರ...”

“ಗೋಡೆ ಇದೇ. ಲೆಕ್ಕ ಬೇಕಾದ್ರೆ ನಿಂದು ಇರ್ಲಿ.”

ಅವರು ಕ್ಯಾಮೆರಾ ಹಿಡಿದು ಅಕ್ಕನ ಮುಖದ ಹತ್ತಿರಕ್ಕೆ, ಒಂದು ಗೇಣಿನಷ್ಟು ಹತ್ತಿರಕ್ಕೆ ಬಂದರು. ಅಮ್ಮ ಕಣ್ಣು ಮಿಟುಕಿಸಿದಳು. ಅಷ್ಟು ಹತ್ತಿರದಿಂದ ಅವಳನ್ನು ಯಾರಾದರೂ ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ. ಮಾವ ಅಳೆದರು, ಉಂಗುರವನ್ನು ಒಂದು ಕ್ಲಿಕ್ ತಿರುಗಿಸಿ ಬಾಗಿಲನ್ನು ಒಂದು ಸ್ಟಾಪ್ ಕಿರಿದು ಮಾಡಿದರು, ಹಿಂದೆ ಬಂದು ನಿಂತರು. ಕಿಂಡಿಯಲ್ಲಿ ಕಣ್ಣಿಟ್ಟವರು ಒತ್ತಲಿಲ್ಲ.

“ಏನಾಯ್ತೋ?”

“ಮುಳ್ಳು ಪೂರ್ತಿ ಮೇಲೆ ಇದೆ ಅಕ್ಕ. ಕೆಂಪು.”

“ಇರ್ಲಿ.”

“ಗೋಡೆ ಸುಟ್ಟುಹೋಗುತ್ತೆ. ಒಂದು ಗೆರೆಯೂ ಕಾಣಲ್ಲ ಗೋಡೇಲಿ.”

“ರಿಟೈರ್ ಆಗ್ತಿರೋದು ನಾನಾ, ಗೋಡೆಯಾ?”

ಮಾವ ಮತ್ತೆ ಕಣ್ಣಿಟ್ಟರು. ಬೆರಳು ಗುಂಡಿಯ ಮೇಲಿತ್ತು, ಇಳಿಯಲಿಲ್ಲ. ಜೀವಮಾನವೆಲ್ಲ ಕೆಂಪಿಗೆ ನಿಂತ ಬೆರಳು ಅದು. ನಾನು ಒಂದು ವಾಕ್ಯ ಹೇಳಿ ಅವರನ್ನು ಒಪ್ಪಿಸಬಹುದಿತ್ತು, ಅಂಥ ಮೂರು ನಾಲ್ಕು ವಾಕ್ಯಗಳು ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಅಮ್ಮನೇ ಕೇಳಿದಳು.

“ಸಿಗ್ನಲ್ ಕೆಟ್ಟು ಕೆಂಪಿಗೇ ನಿಂತುಬಿಟ್ರೆ ಏನೋ ಮಾಡ್ತಿದ್ರಿ ನೀವು? ಟ್ರೇನ್‌ನ ಅಲ್ಲೇ ಬಿಟ್ಟು ಮನೆಗೆ ಬರ್ತಿದ್ರಾ?”

“ಸ್ಟೇಷನ್ ಮಾಸ್ಟರ್ ಬರೆದು ಕೊಟ್ರೆ ದಾಟಬಹುದು. ನಿಧಾನಕ್ಕೆ.”

“ಸರಿ. ನಾನು ಕೊಟ್ಟಿದ್ದೀನಿ. ನಿಧಾನಕ್ಕೆ ದಾಟು.”

ಹೇಳಿ ಮುಗಿಸುವಾಗ ಅವಳ ತುಟಿಯ ಒಂದು ತುದಿ ಮೇಲೇರಿತು. ಮಾವ ಒತ್ತಿದರು. ಲಿವರ್ ಎಳೆದು ಇನ್ನೊಂದು ಸಲ ಒತ್ತಿದರು, ಆಮೇಲೆ ಇನ್ನೊಂದು ಸಲ. ಒಮ್ಮೆ ದಾಟಿದ ಮೇಲೆ ಅವರಿಗೆ ನಿಲ್ಲಿಸುವುದೇ ಕಷ್ಟವಾಯಿತು.

ಲ್ಯಾಬಿನಿಂದ ಫೋನಿಗೆ ಚಿತ್ರ ಬಂದಾಗ ನಾನು ಮೊದಲು ನೋಡಿದ್ದು ಗೋಡೆಯನ್ನು. ಮಾವ ಹೇಳಿದ್ದು ನಿಜ, ಅದು ಬರಿ ಬೆಳ್ಳಗೆ, ಕಾಗದದಷ್ಟೇ ಬೆಳ್ಳಗೆ. ಆ ಬಿಳಿಯ ಮುಂದೆ ಅಮ್ಮ ಇದ್ದಳು. ಹಣೆಯ ಮೇಲೆ ಬೆಳಕು ಜಾರಿದ ಜಾಗ, ಮೂಗಿನ ಪಕ್ಕದ ಗೆರೆ, ಎಡಗೆನ್ನೆಯ ಮಚ್ಚೆ. ಕಪ್ಪೊಳಗೆ ಎಷ್ಟೊಂದು ಬಗೆಯ ಕಪ್ಪು, ಎಷ್ಟೊಂದು ಕಂದು. ತುಟಿಯ ತುದಿ ಮೇಲೆದ್ದು, ಯಾರಿಗೋ ಅಪ್ಪಣೆ ಕೊಟ್ಟು ಅವರು ಪಾಲಿಸುವುದನ್ನು ಕಾಯುತ್ತಿರುವ ಮುಖ. ಫಿಲ್ಮಿಗೆ ಆತ್ಮ ಇದೆ ಎಂದು ನಾನು ಈಗಲೂ ಒಪ್ಪುವುದಿಲ್ಲ. ಎಷ್ಟು ಬೆಳಕು ಬಿಡಬೇಕು ಎಂದು ಯಾರೋ ನಿಂತು ಯೋಚಿಸಿದ್ದಾರೆ ಎನ್ನುವುದು ಮಾತ್ರ ಅದರಲ್ಲಿ ಕಾಣುತ್ತದೆ. ಫೋನಿನಲ್ಲೂ ಹಾಗೆ ಯೋಚಿಸಬಹುದಿತ್ತು, ಯಾರೂ ಯೋಚಿಸಿರಲಿಲ್ಲ, ಅಷ್ಟೇ.

ಅಮ್ಮ ಚಿತ್ರವನ್ನು ನೋಡಿದಳು. ಫೋನನ್ನು ದೂರಕ್ಕೆ ಹಿಡಿದಳು, ಹತ್ತಿರಕ್ಕೆ ತಂದಳು. “ಕಿವಿ ಓಲೆ ಓರೆಯಾಗಿದೆ, ಯಾರಾದ್ರೂ ಹೇಳೋದಲ್ವಾ?” ಎಂದಳು. ಕಾರ್ಯದರ್ಶಿಗೆ ಕಳಿಸಲಾ ಎಂದು ಕೇಳಿದೆ. “ನೋಡೋಣ” ಎಂದಳು.

ಹೀಗೆ ಆ ‘ನೋಡೋಣ’ದ ಮೇಲೆ ಒಂದು ವಾರ ಹೋಯಿತು. ಸ್ಟಾಫ್ ಅಸೋಸಿಯೇಷನ್ನಿನವರು ಮತ್ತೆ ಫೋನ್ ಮಾಡಿ, ಫ್ಲೆಕ್ಸ್ ಅಂಗಡಿ ನಿಮ್ಮ ವಡಪಳನಿಯಲ್ಲೇ ಇದೆಯಲ್ಲ ಮೇಡಂ, ಹೂವೋ ಫೋಟೋವೋ, ನೀವೇ ಹೋಗಿ ಕೊಟ್ಟುಬಿಡಿ ಎಂದರು. ಸಂಜೆ ಅಮ್ಮ ಆಫೀಸಿನಿಂದ ನೇರವಾಗಿ ಅಲ್ಲಿಗೆ ಬಂದಳು, ನಾನು ಮನೆಯಿಂದ ಹೋದೆ. ಏನು ಕೊಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಕೇಳಬಾರದು ಎನ್ನುವಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು.

ಅಂಗಡಿಯಲ್ಲಿ ಒಬ್ಬ ನಡುವಯಸ್ಸಿನವನು ಕಂಪ್ಯೂಟರ್ ಮುಂದೆ ಕೂತಿದ್ದ. ರೋಜಾ ಹೂವು, ದೀಪ, ಉದಯಿಸುವ ಸೂರ್ಯ, ಎಲ್ಲ ಅವನಲ್ಲಿ ತಯಾರಿದ್ದವು. ಅಮ್ಮ ಸ್ವಲ್ಪ ಹೊತ್ತು ಹೂವುಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಆ ಫೋಟೋ ಕೊಡೇ ಇವರಿಗೆ” ಎಂದಳು.

ಅವನು ಫೋಟೋ ತೆರೆದ, ತಲೆ ಓರೆ ಮಾಡಿ ನೋಡಿದ. “ಅಮ್ಮಾ, ಒಂಚೂರು ಬ್ರೈಟ್ ಮಾಡಿಬಿಡ್ತೀನಿ. ಎಲ್ಲ ಲೇಡೀಸ್‌ಗೂ ಮಾಡ್ತೀನಿ. ರೊಂಬ ಚೆನ್ನಾಗಿ ಬರುತ್ತೆ” ಎಂದು ತಮಿಳಿನಲ್ಲಿ ಹೇಳುತ್ತಲೇ ಮೌಸ್ ಎಳೆದ. ಪರದೆಯ ಮೇಲೆ ಅಮ್ಮನ ಪಕ್ಕದಲ್ಲಿ ಇನ್ನೊಬ್ಬ ಅಮ್ಮ ಹುಟ್ಟಿಕೊಂಡಳು, ಗೋಧಿ ಬಣ್ಣದವಳು, ಮಚ್ಚೆ ಇಲ್ಲದವಳು.

ನಾನು ಉಸಿರೆಳೆದುಕೊಂಡೆ. ಅಮ್ಮ ನನ್ನ ಮೊಣಕೈ ಹಿಡಿದಳು, ಸುಮ್ಮನಿರು ಎನ್ನುವಂತೆ. ಇಬ್ಬರನ್ನೂ ನೋಡಿದಳು, ಒಮ್ಮೆ ಇವಳನ್ನು, ಒಮ್ಮೆ ಅವಳನ್ನು, ವಿಮೆಯ ಪ್ರಪೋಸಲ್ ಓದುವವಳ ಹಾಗೆ, ಅವಸರವಿಲ್ಲದೆ. ಅಂಗಡಿಯವನು ಕಾದ.

“ಬಲಗಡೆಯಾಕೆ ಲಕ್ಷಣವಾಗಿದ್ದಾರೆ” ಎಂದಳು ಅಮ್ಮ, ಅವನ ತಮಿಳಿನಲ್ಲೇ. “ಯಾರೋ ಗೊತ್ತಿಲ್ಲ. ನಮ್ಮ ಬ್ರಾಂಚಲ್ಲಿ ಕೆಲಸ ಮಾಡಿದ್ದು ಎಡಗಡೆಯಾಕೆ. ಅದನ್ನೇ ಹಾಕಿ. ಕೈ ಇಡಬೇಡಿ.”

ಅವನು ಭುಜ ಕುಣಿಸಿ ಬಲಗಡೆಯವಳನ್ನು ಅಳಿಸಿದ. ನನ್ನ ಮೊಣಕೈ ಇನ್ನೂ ಅಮ್ಮನ ಕೈಯಲ್ಲಿತ್ತು. ಬಿಲ್ ಬರೆಯಲು ಅವನು ಪೆನ್ನು ತೆಗೆದುಕೊಂಡಾಗ ಅಮ್ಮ ಮುಂದಕ್ಕೆ ಬಾಗಿದಳು.

“ಎಷ್ಟಡಿ ಮಾಡ್ತೀರಿ ಇದನ್ನ?”

“ಎಲ್ಲರಿಗೂ ಆರಡಿನೇ ಅಮ್ಮಾ.”

“ನಮ್ಮ ಆಫೀಸ್ ಗೇಟಿನ ಎದುರು, ರಸ್ತೆ ಆಚೆ ಬಸ್ ಸ್ಟಾಪ್ ಇದೆ. ಅಲ್ಲಿ ನಿಂತವರಿಗೆ ಕಾಣುತ್ತಾ?”

ಕಾಣುತ್ತೆ ಎಂದ ಅವನು. ಅಮ್ಮ ಪರದೆಯನ್ನು ಇನ್ನೊಮ್ಮೆ ನೋಡಿದಳು, ಅವನ ಮಾತಿನ ಮೇಲೆ ಅಷ್ಟು ನಂಬಿಕೆ ಬರಲಿಲ್ಲ.

“ಎಂಟಡಿ ಹಾಕಿ” ಎಂದಳು.